ಬಲ ಮಡಿಕೆ ಮೇಲೆ

ಕ್ಯೋಟೊ
1979, ಆಗಸ್ಟ್ 23

ಪ್ರೀತಿಯ ಯೋನೆ ಅಕ್ಕನಿಗೆ,

ನಿನ್ನ ತಂಗಿ ಫುಸಾಳ ನಮಸ್ಕಾರಗಳು. ಮೊಣಕಾಲು ಹೇಗಿದೆ? ಹಾಕೊದಾತೆಯಲ್ಲಿ ಈಗಾಗಲೇ ಸಂಜೆಗೆ ಮೇಲೊಂದು ಹೊದೆಯುವಷ್ಟು ತಂಪಾಗಿರಬೇಕು. ಇಲ್ಲಿ ನಾವಿನ್ನೂ ಬಾಣಲೆಯೊಳಗೇ ಇದ್ದೇವೆ. ಭಾವ ಮೀನಿಗೆ ಹೋಗುವುದನ್ನು ಬಿಟ್ಟರೋ ಇಲ್ಲವೋ? ಬಿಡುತ್ತೇನೆ ಬಿಡುತ್ತೇನೆ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದಾರೆ, ನನಗಂತೂ ನಂಬಿಕೆಯಿಲ್ಲ.

ಇಷ್ಟು ದಿನ ಕಾಗದ ಬರೆಯದೆ ಇದ್ದದ್ದಕ್ಕೆ ಯಾವ ಬಾಯಲ್ಲಿ ಕ್ಷಮೆ ಕೇಳಲಿ. ಜುಲೈಯಲ್ಲಿ ನೀನು ಕಳಿಸಿದ ಕೊಂಬು ಕಡಲಪಾಚಿ ಬಂತು. ಅದಕ್ಕೆ ನಾನು ಅಂಗಡಿಯ ಅಚ್ಚಿನ ಕಾರ್ಡೊಂದರಲ್ಲಿ ಎರಡು ಸಾಲು ಗೀಚಿ ಹಾಕಿದೆ, ಯಾರೋ ಗಿರಾಕಿಗೆ ಬರೆದ ಹಾಗೆ. ಆಮೇಲೆ ನೀನು ಫೋನು ಮಾಡಿದಾಗಲೂ ಹಬ್ಬದ ಕೆಲಸ, ಒಲೆ ಮೇಲೆ ಏನೋ ಇಟ್ಟಿದ್ದೇನೆ ಅಂತ ಕೆಳಗಿಟ್ಟುಬಿಟ್ಟೆ. ನಿನಗೆ ಸಿಟ್ಟು ಬಂದಿರುತ್ತದೆ. ಬರಲಿ. ಆದರೆ ಅಕ್ಕ, ಮುಂದಿನದನ್ನು ಕೂತುಕೊಂಡು ಓದು. ಭಾವ ಮನೆಯಲ್ಲಿದ್ದರೆ ಕರೆದು ಪಕ್ಕದಲ್ಲಿ ಕೂರಿಸಿಕೋ.

ನಮ್ಮ ಮಿಸಾವೊ ಇಲ್ಲ. ಜುಲೈ ಐದಕ್ಕೆ ಹೋದಳು.

ನೀನು ಫೋನಿನಲ್ಲಿ "ಮಗು ಹೇಗಿದ್ದಾಳೆ? ಕೊಂಬಿನಲ್ಲಿ ಮೆತ್ತಗಿರೋದು ಅವಳಿಗೆ ಅಂತಾನೇ ಆರಿಸಿದ್ದು, ಮರೀದೆ ಕಳಿಸು" ಅಂದೆ. ನಾನು "ಚೆನ್ನಾಗಿದಾಳೆ, ಸ್ಕೂಲಲ್ಲಿ ಬಿಡುವಿಲ್ಲ" ಅಂದೆ. ಆಗ ಅವಳ ಅಸ್ಥಿಯ ಡಬ್ಬಿ ಹಾಸಿಗೆ ಇಡುವ ಗೂಡಿನಲ್ಲಿ, ಚಳಿಗಾಲದ ರಜಾಯಿಗಳ ಹಿಂದೆ ಇತ್ತು. ನಾನು ಫೋನು ಹಿಡಿದು ನಿಂತ ಕಡೆಯಿಂದ ಗೂಡಿನ ಬಾಗಿಲು ಕಾಣುತ್ತಿತ್ತು. ಹುಟ್ಟಿದಾಗ ಅವಳಿಗೆ ಮೊದಲ ಸ್ನಾನ ಮಾಡಿಸಿದ ನಿನಗೇ ಸುಳ್ಳು ಹೇಳಿದೆ.

ಮೊದಲಿನಿಂದ ಹೇಳುತ್ತೇನೆ. ಜುಲೈ ಎರಡಕ್ಕೆ ಗಿಯೋನ್ ಹಬ್ಬದ ತೇರುಗಳ ಸರದಿಗೆ ಚೀಟಿ ಎತ್ತಿದರಲ್ಲ, ನಮ್ಮ ಬೀದಿಯ ಹಿರಿಯರು ತ್ಸುಜಿಯವರು ಕೈ ಹಾಕಿದರೆ ಮೊದಲನೇ ನಂಬರೇ ಬಂತು. ನಮ್ಮ ಓಚಿಬಾ ತೇರು ಈ ವರ್ಷ ಎಲ್ಲ ಸಣ್ಣ ತೇರುಗಳಿಗಿಂತ ಮುಂದೆ! ನಮ್ಮ ಮಾವನವರ ಕಾಲದಲ್ಲಿ ಒಮ್ಮೆ ಹಾಗೆ ಬಂದಿತ್ತಂತೆ, ಆಮೇಲೆ ಇಲ್ಲ. ತ್ಸುಜಿಯವರು ಚೀಟಿ ಹಿಡಿದುಕೊಂಡು ನೇರ ನಮ್ಮ ಮನೆಗೇ ಬಂದರು. "ಹತಾನೊ ಅವ್ರೇ, ನಮ್ಮ ಸೋಮಾರಿ ಅಜ್ಜನಿಗೆ ಈ ಸಲ ಮದುಮಗನ ಹಾಗೆ ಉಡಿಸ್ಬೇಕು ನೋಡಿ" ಅಂತ ಇವರ ಬೆನ್ನಿಗೆ ಗುದ್ದಿದರು. ಇವರು ನಕ್ಕರು. ನಮ್ಮವರು ಹಲ್ಲು ಕಾಣುವ ಹಾಗೆ ನಗುವುದು ಎಷ್ಟು ಅಪರೂಪ ಅಂತ ನಿನಗೆ ಗೊತ್ತು.

ಸೋಮಾರಿ ಅಜ್ಜನನ್ನು ನೀನು ನೋಡಿದ್ದೀಯ, ನನ್ನ ಮದುವೆಯಾದ ವರ್ಷ ಬಂದಾಗ. ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ಕಿವಿ ಬಾಗಿಲ ಕಡೆಗೆ ಕೊಟ್ಟು ನಿಂತ ನಮ್ಮ ತೇರಿನ ಗೊಂಬೆ. ಅಂಗಳದ ಎಲೆ ಗುಡಿಸಬೇಡಿ, ಬರುವವರು ಬಂದರೆ ತರಗೆಲೆ ಸದ್ದು ಮಾಡಿ ನನಗೆ ತಿಳಿಸಲಿ ಅಂತ ಹಿಂದೆ ಆಸ್ಥಾನದ ಮುದುಕನೊಬ್ಬ ಕವಿತೆ ಕಟ್ಟಿದನಂತೆ. ಆ ಕವಿತೆಯೇ ನಮ್ಮ ತೇರು. "ಗುಡಿಸೋಕೆ ಮೈಗಳ್ಳತನ, ಅದಕ್ಕೊಂದು ಕವಿತೆ ಬೇರೆ" ಅಂತ ನೀನು ಆಗ ನಕ್ಕಿದ್ದೆ. ಬೀದಿಯವರೂ ಅದನ್ನೇ ಹೇಳಿ ನಗುತ್ತಾರೆ. ಆದರೂ ಅಜ್ಜನ ಮುಂದೆ ಬಂದರೆ ಎಲ್ಲರ ತಲೆಯೂ ತಾನಾಗಿ ಬಾಗುತ್ತದೆ.

ಅಜ್ಜನಿಗೆ ಉಡಿಸುವುದು ನಮ್ಮ ಮನೆಯ ಗಂಡಸರ ಕೆಲಸ. ತಲೆ ಬೇರೆ, ಕೈಗಳು ಬೇರೆ, ಮೈಯೆಂದರೆ ಬರೀ ಮರದ ಚೌಕಟ್ಟು. ಅದರ ಮೇಲೆ ರೇಷ್ಮೆ ನಿಲ್ಲಿಸಿ ಒಬ್ಬ ಮನುಷ್ಯನನ್ನು ಮಾಡಬೇಕು. ಅದನ್ನು ಬಲ್ಲವರು ಬೀದಿಯಲ್ಲಿ ಇವರೊಬ್ಬರೇ. ಹೆಂಗಸರು ಆ ಕೋಣೆಗೆ ಕಾಲಿಡುವ ಹಾಗಿಲ್ಲ. ನಾನು ಹೊಸಿಲ ಆಚೆ ಕೂತು ತಟ್ಟೆಯಲ್ಲಿ ದಾರ, ಲಾಡಿ ದಾಟಿಸುತ್ತೇನೆ. "ಹೆಗಲು ಇಳೀತು", "ತೋಳು ಉದ್ದ ಆಯ್ತು" ಅಂತ ಅಲ್ಲಿಂದಲೇ ಹೇಳುತ್ತೇನೆ. ಇವರು ಜಗತ್ತಿನಲ್ಲಿ ನನ್ನ ಮಾತು ಕೇಳುವುದು ಅದೊಂದು ಬೆಳಿಗ್ಗೆ ಮಾತ್ರ.

ಚೀಟಿ ಬಂದ ಮರುದಿನವೇ ಮಾಯಿಝುರುವಿನಿಂದ, ಮಿಸಾವೊ ಕೆಲಸಕ್ಕಿದ್ದ ಸ್ಕೂಲಿನಿಂದ ಫೋನು. ಅವಳು ತರಗತಿಯಲ್ಲಿ ಪಾಠ ಮಾಡುತ್ತಿದ್ದಳಂತೆ. ಅವಳ ತರಗತಿಯ ಮಕ್ಕಳಿಗೆ ಕಿವಿ ಕೇಳಿಸುವುದಿಲ್ಲವಲ್ಲ, ಕೈಯಲ್ಲೇ ಮಾತು. ಮಾತಿನ ನಡುವೆ ಅವಳ ಕೈ ನಿಂತುಹೋಯಿತಂತೆ. ಮಕ್ಕಳು ಅದೂ ಯಾವುದೋ ಮಾತಿರಬೇಕು ಅಂತ ಕಾಯುತ್ತಾ ಕೂತಿದ್ದರಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತು. ನಾವು ಹೋದಾಗ ಉಸಿರಿತ್ತು, ಪ್ರಜ್ಞೆಯಿರಲಿಲ್ಲ.

ಆಸ್ಪತ್ರೆಯಲ್ಲಿ ಯಾರೋ ಪುಣ್ಯಾತ್ಮರು ನಮಗೆ ಊಟದ ಡಬ್ಬಿ ತಂದುಕೊಟ್ಟರು. ಅದರಲ್ಲಿ ಸೌತೆಕಾಯಿ ಹೋಳುಗಳಿದ್ದವು. ಹಬ್ಬದ ತಿಂಗಳಲ್ಲಿ ನಮ್ಮ ಬೀದಿಯವರು ಸೌತೆಕಾಯಿ ಮುಟ್ಟುವುದಿಲ್ಲ, ಹೆಚ್ಚಿದರೆ ದೇವರ ಲಾಂಛನದ ಹಾಗೆ ಕಾಣುತ್ತದೆ ಅಂತ. ಗೋಡೆಯ ಆಚೆ ಮಗಳ ಪ್ರಾಣ ಹೋಗುತ್ತಿದೆ, ಇವರು ಊಟದ ಕಡ್ಡಿಯಲ್ಲಿ ಒಂದೊಂದೇ ಹೋಳು ಆರಿಸಿ ಮುಚ್ಚಳದ ಮೇಲೆ ಇಡುತ್ತಿದ್ದಾರೆ! ಆ ಡಬ್ಬಿ ಕಿತ್ತು ಎಸೆಯೋಣ ಅನ್ನಿಸಿತು ಅಕ್ಕ. ಈಗ ಅನ್ನಿಸುತ್ತದೆ, ಪಾಪ, ಇವರು ದೇವರ ಜೊತೆ ಚೌಕಾಸಿ ಮಾಡುತ್ತಿದ್ದರೋ ಏನೋ. ನಾನು ಇದನ್ನು ಬಿಡುತ್ತೇನೆ, ನೀನು ಅವಳನ್ನು ಬಿಡು ಅಂತ.

ಅವಳು ಹೋದ ಮೇಲೆ ನರ್ಸುಗಳು ಬಿಳಿ ನಿಲುವಂಗಿ ತಂದರು. ಇವರು "ನಾನೇ ಉಡಿಸ್ತೀನಿ, ಇದು ನನ್ನ ಕೆಲಸ" ಅಂದರು. ಚಿಕ್ಕವಳಿದ್ದಾಗ ಏಳನೇ ವರ್ಷದ ಹಬ್ಬಕ್ಕೆ "ಅಪ್ಪನೇ ಉಡಿಸ್ಬೇಕು, ಅಜ್ಜನಿಗೆ ಉಡಿಸಿದ ಹಾಗೆ" ಅಂತ ಅವಳು ಎಷ್ಟು ಹಟ ಮಾಡಿದ್ದಳು. ಆಗ ಇವರು ಹೆಣ್ಣುಮಕ್ಕಳಿಗೆ ಅಮ್ಮ ಉಡಿಸ್ತಾಳೆ ಹೋಗು ಅಂತ ಗದರಿಸಿದ್ದರು. ಈಗ ಉಡಿಸಿದರು. ಬದುಕಿರುವವರಿಗೆ ನಿಲುವಂಗಿಯ ಎಡ ಮಡಿಕೆ ಮೇಲೆ, ಹೋದವರಿಗೆ ಬಲ ಮಡಿಕೆ ಮೇಲೆ. ಇವರ ಕೈ ಮಾತ್ರ ಅಭ್ಯಾಸದಂತೆ ಮತ್ತೆ ಮತ್ತೆ ಎಡವನ್ನೇ ಮೇಲೆ ತರುತ್ತಿತ್ತು. ಅದಕ್ಕೇ "ಬಲ ಮೇಲೆ, ಬಲ ಮೇಲೆ" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ, ಬಿಚ್ಚಿ ಬಿಚ್ಚಿ ಮಡಿಚಿದರು. ಕೊನೆಗೆ ಒಂದು ಸುಕ್ಕೂ ಇರಲಿಲ್ಲ. ನಮ್ಮ ಮಗಳು ಅಷ್ಟು ಚೆನ್ನಾಗಿ ಉಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ದಹನ ಅಲ್ಲೇ ಆಯಿತು. ವಾಪಸ್ಸು ಬರುವಾಗ ರೈಲಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಇವರು ಬಾಯಿ ಬಿಟ್ಟರು.

"ಫುಸಾ, ಹಬ್ಬ ಮುಗಿಯೋವರೆಗೆ ಯಾರಿಗೂ ಹೇಳೋದು ಬೇಡ."

"ಏನನ್ನ?"

"ಸೂತಕದ ಮನೆಯವನು ಅಜ್ಜನನ್ನ ಮುಟ್ಟೋ ಹಾಗಿಲ್ಲ ಕಣೇ. ನಾನು ಮುಟ್ಟದಿದ್ರೆ ತೇರೇ ಇಲ್ಲ. ಮೊದಲ ಚೀಟಿ ಬಂದಿರೋ ವರ್ಷ."

"ರೀ, ಅವಳು ನಮ್ಮ ಮಗಳು."

"ನನಗೆ ಗೊತ್ತಿಲ್ವಾ? ಬರೀ ಜುಲೈ ಒಂದು ತಿಂಗಳು. ಆಮೇಲೆ ನೀನು ಹೇಳಿದ ಹಾಗೆ ಎಲ್ಲ ಮಾಡೋಣ."

ನನಗೆ ಬೇಕಾಗಿದ್ದು ಏನು ದೊಡ್ಡದು ಅಕ್ಕ? ಬಾಗಿಲಿಗೆ ಸೂತಕದ ಕಾಗದ ಅಂಟಿಸಬೇಕು, ಅವಳ ಪಟ ಇಟ್ಟು ಊದುಕಡ್ಡಿ ಹಚ್ಚಬೇಕು, ನೆರೆಹೊರೆಯವರು ಬಂದು ಅವಳ ಹೆಸರು ಹಿಡಿದು ಅಳಬೇಕು. ನಾಯಿ ಸತ್ತರೂ ಬೀದಿಯವರು ಅಯ್ಯೋ ಅನ್ನುತ್ತಾರೆ. ನನ್ನ ಮಗಳು ಹೋದದ್ದಕ್ಕೆ ಯಾರೂ ಅಯ್ಯೋ ಅನ್ನಲಿಲ್ಲ. ನಿನಗಾದರೂ ಹೇಳುತ್ತೇನೆ ಅಂದರೆ, ಇವರು "ನಿಮ್ಮಕ್ಕ ಕೇಳಿದ ತಕ್ಷಣ ರೈಲು ಹತ್ತುತ್ತಾರೆ, ಬಾಗಿಲಲ್ಲೇ ಅಳ್ತಾರೆ, ಆಮೇಲೆ ಮುಗೀತು" ಅಂದರು. ಅದು ಸುಳ್ಳೂ ಅಲ್ಲ.

ಹೀಗೆ ಅವಳು ಗೂಡು ಸೇರಿದಳು. ಊದುಕಡ್ಡಿ ಹಚ್ಚಿದರೆ ಜಾಲರಿ ಕಿಟಕಿಯಿಂದ ವಾಸನೆ ಬೀದಿಗೆ ಹೋಗುತ್ತದೆ. ಅದಕ್ಕೆ ಗೂಡಿನ ಮುಂದೆ ಸೊಳ್ಳೆ ಬತ್ತಿ ಹಚ್ಚಿಟ್ಟು ಕೈ ಮುಗಿಯುತ್ತಿದ್ದೆ. ಪಕ್ಕದ ಮನೆಯಾಕೆ "ಏನ್ರೀ, ಹಗಲು ಹೊತ್ತೇ ಬತ್ತಿ ಹಚ್ತೀರಾ, ನಿಮ್ಮನೇಲಿ ಅಷ್ಟು ಸೊಳ್ಳೆನಾ?" ಅಂತ ಕೇಳಿದಳು. "ಹೂಂರೀ, ಈ ವರ್ಷ ತಡೆಯೋಕಾಗ್ತಿಲ್ಲ" ಅಂದೆ. ಅಷ್ಟು ಹೇಳಿ ಒಳಗೆ ಬಂದು ರಜಾಯಿಯಲ್ಲಿ ಮುಖ ಒತ್ತಿಕೊಂಡು ಅತ್ತೆ. ಬೀದಿಯ ತುಂಬ ಹಬ್ಬದ ಗಂಟೆ, ಕೊಳಲು. ನಾನು ಹೆಂಗಸರ ಜೊತೆ ಕೂತು ಬಾಗಿಲಿಗೆ ಕಟ್ಟುವ ಬಿದಿರೆಲೆಯ ರಕ್ಷೆ ಕಟ್ಟಿದೆ, ಪಾನಕ ಹಂಚಿದೆ, ಮಿಸಾವೊಗೆ ಎಲ್ಲಾದರೂ ಗಂಡು ಗೊತ್ತಾಯಿತಾ ಅಂದವರಿಗೆ ನಕ್ಕು ಉತ್ತರ ಕೊಟ್ಟೆ.

ಹದಿಮೂರಕ್ಕೆ ಬೆಳಿಗ್ಗೆ ಅಜ್ಜನಿಗೆ ಉಡಿಸುವುದು. ನಾನು ಎಂದಿನಂತೆ ಹೊಸಿಲಾಚೆ ಕೂತೆ. ಇವರು ಮಿಂದು ಬಂದು ಬಾಯಿಗೆ ಬಿಳಿ ಕಾಗದ ಕಚ್ಚಿಕೊಂಡರು, ಉಸಿರು ಗೊಂಬೆಗೆ ತಾಗಬಾರದು ಅಂತ. ಒಳಗಿನ ಬಿಳಿಯದು, ಆಮೇಲೆ ಕಂದು ರೇಷ್ಮೆ. ಕೈ ಒಮ್ಮೆಯೂ ತಡವರಿಸಲಿಲ್ಲ. ಮಿಕ್ಕ ಗಂಡಸರು ಮೂಲೆಯಲ್ಲಿ ಮೊದಲ ಚೀಟಿಯ ಮಾತನ್ನೇ ಆಡುತ್ತಾ ಬಿಯರು ಯಾರು ತರಬೇಕು ಅಂತ ಜಗಳವಾಡುತ್ತಿದ್ದರು. ಮುಗಿದ ಮೇಲೆ ಇವರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ನಾನು ತಲೆ ಆಡಿಸಿದೆ. ಪೊರಕೆ ಸಿಕ್ಕಿಸಿದರು, ಅದು ಎದೆಗೆ ಅರ್ಧ ಅಡ್ಡ ಬಂತು.

ಆ ದಿನವಿಡೀ, ಮರುದಿನ ಮಧ್ಯಾಹ್ನದವರೆಗೂ ಜನ ಬಂದು ಅಜ್ಜನಿಗೆ ಕೈ ಮುಗಿದು ಹೋದರು. ಯಾರಿಗೂ ಏನೂ ಕಾಣಲಿಲ್ಲ. ಸಂಜೆ ನಡುಪಟ್ಟಿ ಅಂಗಡಿಯ ಒಕುರಾ ಅಜ್ಜಿ ಬಂದರು. ಆ ಅಜ್ಜಿಯ ನಾಲಿಗೆ ನಿನಗೆ ಗೊತ್ತಲ್ಲ. ಅವರು ಕೈ ಮುಗಿಯಲು ಹೋದವರು ಹಾಗೇ ನಿಂತರು.

"ಯಾರಪ್ಪಾ ಅಜ್ಜನನ್ನ ಕೊಂದವರು?"

"ಏನಜ್ಜಿ ಹಾಗಂದ್ರೆ?" ಅಂದ ಒಕಾಬೆ, ತೇರಿನ ಹಗ್ಗ ಕಟ್ಟುವವನು.

"ಬಲ ಮಡಿಕೆ ಮೇಲೆ ಬಂದಿದೆಯಲ್ಲೋ! ಹೆಣಕ್ಕೆ ಉಡಿಸೋ ಹಾಗೆ!"

"ನೀವು ಕನ್ನಡಕ ಹಾಕಿಲ್ಲ ಅಜ್ಜಿ..."

"ಗಂಡ, ಅತ್ತೆ, ಮಾವ, ಇಬ್ಬರು ತಮ್ಮಂದ್ರು, ಎಲ್ಲರಿಗೂ ಉಡಿಸಿರೋ ಕೈ ಇದು. ನನಗೆ ಮಡಿಕೆ ಹೇಳ್ಕೊಡಬೇಡ. ಪೊರಕೆ ಸರಿಸಿ ನೋಡು."

ತ್ಸುಜಿಯವರು ಬಂದು ಇವರನ್ನು ಕರೆದುಕೊಂಡು ಹೋದರು. ನಾನೂ ಹಿಂದೆ ಹೋಗಿ ಹೊಸಿಲ ಹತ್ತಿರ ನಿಂತೆ. ಇವರು ಗೊಂಬೆಯ ಎದೆ ನೋಡಿದರು, ಆಮೇಲೆ ತಮ್ಮ ಕೈ ನೋಡಿಕೊಂಡರು. ಮತ್ತೆ ಗೊಂಬೆ, ಮತ್ತೆ ಕೈ. ಅಲ್ಲೇ ಚಾಪೆಯ ಮೇಲೆ ಕುಸಿದು ಕೂತರು. ತ್ಸುಜಿಯವರು ಬುದ್ಧಿವಂತರು. ಬೈಯಲಿಲ್ಲ. ಹೊರಗಿನವರನ್ನೆಲ್ಲ ಕಳಿಸಿ, ಎದುರಿಗೆ ಕೂತು, ಮೆಲ್ಲಗೆ ಕೇಳಿದರು.

"ಯಾರ್ರೀ?"

"ಮಗಳು."

"ಮಿಸಾವೊನಾ? ಯಾವಾಗ?"

"ಐದನೇ ತಾರೀಖು."

"ಅಯ್ಯೋ ದೇವರೇ. ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಇವನಿಗೆ ಉಡಿಸೋರು ಯಾರಿದ್ರು?"

ನನ್ನ ಪಕ್ಕ ನಿಂತಿದ್ದ ಒಕುರಾ ಅಜ್ಜಿ ಬಾಯಿಗೆ ನಿಲುವಂಗಿಯ ತೋಳು ಒತ್ತಿಕೊಂಡು "ನನ್ನ ನಾಲಿಗೆ ಬಿದ್ದುಹೋಗ" ಅಂತ ತಮ್ಮನ್ನೇ ಶಪಿಸಿಕೊಂಡರು. ದೇವಸ್ಥಾನದಿಂದ ಪುರೋಹಿತರು ಬಂದು ಶುದ್ಧಿ ಮಾಡಿ ಅಜ್ಜನ ಬಟ್ಟೆ ಬಿಚ್ಚಿಸಿದರು. ಒಕಾಬೆ ಪಾಪ, ಉಡಿಸಲು ನೋಡಿದ. ನೆನೆದ ಹಾಸಿಗೆ ಹೊರಗೆ ಒಣಹಾಕಿದ ಹಾಗೆ ಆಯಿತಂತೆ. ತಲೆ, ಕೈಗಳನ್ನು ಮತ್ತೆ ಡಬ್ಬಿಗೆ ಹಾಕಿದರು. ಕಟ್ಟಿದ್ದ ತೇರಿನ ಹಗ್ಗ ಬಿಚ್ಚಿದರು.

ಹದಿನೇಳಕ್ಕೆ ಮೆರವಣಿಗೆ ಹೊರಟಾಗ ನಮ್ಮ ಬೀದಿಯ ಸರದಿಯಲ್ಲಿ ಇಬ್ಬರು ಬಟ್ಟೆಯ ಪೆಟ್ಟಿಗೆಯೊಂದನ್ನು ಕೋಲಿಗೆ ತೂಗುಹಾಕಿ ಹೊತ್ತುಕೊಂಡು ಹೋದರು. ತೇರು ಹೊರಡಿಸಲಾಗದ ಬೀದಿಯವರು ಹಾಗೆ ಹೋಗುವುದು ವಾಡಿಕೆ. ಮೊದಲನೇ ಸ್ಥಾನದಲ್ಲಿ ಬರೀ ಪೆಟ್ಟಿಗೆ. ನೋಡಲು ನಿಂತವರು "ಇದೇನಿದು, ತೇರೆಲ್ಲಿ?" ಅಂದರಂತೆ. ಇವರು ನೋಡಲು ಹೋಗಲಿಲ್ಲ. ಮಹಡಿಯಲ್ಲಿ ಬಿದಿರು ಪರದೆಯ ಹಿಂದೆ ಗೋಡೆಗೆ ಮುಖ ಮಾಡಿ ಕೂತಿದ್ದರು.

ಕೆಳಗೆ ನನ್ನ ಹತ್ತಿರ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಹಬ್ಬದ ದಿನ, ಮೆರವಣಿಗೆ ಬಿಟ್ಟು, ಕಪ್ಪು ಬಟ್ಟೆ ಉಟ್ಟು ಬಂದಿದ್ದರು. ಗೂಡಿನಿಂದ ಡಬ್ಬಿ ಹೊರಗೆ ಬಂತು, ಪಟ ಬಂತು, ಊದುಕಡ್ಡಿಯ ಹೊಗೆ ಬೀದಿಗೆಲ್ಲ ಹೋಯಿತು. ಪಕ್ಕದ ಮನೆಯಾಕೆ ಸೊಳ್ಳೆ ಬತ್ತಿಯ ಸುರುಳಿ ನೋಡಿ ನನ್ನ ಕಾಲು ಹಿಡಿದುಕೊಂಡು ಅತ್ತಳು. ಒಕುರಾ ಅಜ್ಜಿ "ಮಿಸಾವೊ, ಮಿಸಾವೊ, ನನ್ನ ಅಂಗಡೀಲಿ ಗಿರಾಕಿಗಳಿಗೆ ಅಂತ ಇಟ್ಟ ಸಕ್ಕರೆ ಮಿಠಾಯಿ ಕದೀತಿದ್ದ ಕಳ್ಳಿ, ನನಗಿಂತ ಮೊದಲು ಹೋದ್ಯಲ್ಲೇ" ಅಂತ ಎದೆ ಬಡಿದುಕೊಂಡರು. ನಾನು ಬಾಯಿಬಿಟ್ಟು ಅತ್ತೆ ಅಕ್ಕ. ಅವಳು ಸತ್ತು ಹನ್ನೆರಡು ದಿನದ ಮೇಲೆ ಮೊದಲ ಸಲ.

ನಿನಗೆ ಆಗಲೇ ಹೇಳಬೇಕಿತ್ತು. ಬರೆಯಲು ಕೂತಾಗಲೆಲ್ಲ ಫೋನಿನಲ್ಲಿ ಹೇಳಿದ ಸುಳ್ಳು ಕೈ ಹಿಡಿಯುತ್ತಿತ್ತು. ನಿನ್ನೆ ನಲವತ್ತೊಂಬತ್ತನೇ ದಿನ ಮುಗಿಯಿತು. ಅಸ್ಥಿಯನ್ನು ಮಾವನವರ ಸಮಾಧಿಯಲ್ಲೇ ಇಟ್ಟೆವು. ಮಾಯಿಝುರುವಿನಿಂದ ಅವಳ ತರಗತಿಯ ಮಕ್ಕಳಲ್ಲಿ ಕೆಲವರು ಬಂದಿದ್ದರು. ಕಲ್ಲಿನ ಮುಂದೆ ನಿಂತು ಕೈಯಲ್ಲಿ ಏನೇನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಅದು ಅವರವರ ನಡುವಿನ ಮಾತು.

ಇವರನ್ನು ಬೀದಿಯಲ್ಲಿ ಯಾರೂ ಒಂದು ಮಾತು ಅನ್ನಲಿಲ್ಲ. "ದುಃಖಕ್ಕೆ ಕೈ ತಪ್ಪಿತು, ಯಾರಿಗಾದರೂ ಆಗ್ತಿತ್ತು" ಅನ್ನುತ್ತಾರೆ. ಬೈದಿದ್ದರೆ ಇವರಿಗೆ ಹಗುರವಾಗುತ್ತಿತ್ತು. ತಾವೇ ಹೋಗಿ ಲಾಡಿ, ದಾರಗಳ ತಟ್ಟೆಯನ್ನು ಒಕಾಬೆಯ ಕೈಗೆ ಕೊಟ್ಟು ಬಂದರು. ಒಕಾಬೆ ಬೇಡ ಬೇಡ ಅಂತ ಅತ್ತುಬಿಟ್ಟನಂತೆ. ಈಗ ಇವರು ಊಟ ಮಾಡುತ್ತಾರೆ, ಸ್ನಾನ ಮಾಡುತ್ತಾರೆ, ಮಿಕ್ಕ ಹೊತ್ತು ಸುಮ್ಮನೆ ಕೂತಿರುತ್ತಾರೆ.

ಶರತ್ಕಾಲದಲ್ಲಿ ಸಮಾಧಿಗೆ ಹೋಗುವ ವಾರಕ್ಕಾದರೂ ನೀನು ಬಾ. ಬಾಗಿಲಲ್ಲೇ ಅಳು, ಈಗ ಯಾರೂ ತಡೆಯುವುದಿಲ್ಲ. ಅವಳ ನೀಲಿ ಹೂವಿನ ಬೇಸಿಗೆ ನಿಲುವಂಗಿ ನಿನಗೆ ಅಂತ ತೆಗೆದಿಟ್ಟಿದ್ದೇನೆ. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಮೊಮ್ಮಕ್ಕಳು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳಲಿ, ಅವರಿಗೆ ಈ ಚಿಕ್ಕಜ್ಜಿಯ ಆಶೀರ್ವಾದ. ಮೊಣಕಾಲಿಗೆ ಬೆಚ್ಚಗೆ ಸುತ್ತಿಕೋ.

ನಿನ್ನ ತಂಗಿ,
ಫುಸಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಕ್ಕ, ಆ ಬೆಳಿಗ್ಗೆ ನನಗೆ ಕಂಡಿತ್ತು. ಬಲ ಮಡಿಕೆ ಮೇಲೆ ಬಂದದ್ದು ಇವರು ಲಾಡಿ ಕಟ್ಟುವ ಮೊದಲೇ ಕಂಡಿತ್ತು. "ರೀ" ಅಂದಿದ್ದರೆ ಸಾಕಿತ್ತು, ಗಂಡಸರಿಗೂ ತಿಳಿಯದ ಹಾಗೆ ತಿದ್ದಿಬಿಡುತ್ತಿದ್ದರು. ನಾನು ಅನ್ನಲಿಲ್ಲ. ಊರೆಲ್ಲ ನೋಡಲಿ, ಯಾರಾದರೂ ಒಬ್ಬರು ಯಾರು ಸತ್ತರು ಅಂತ ಕೇಳಲಿ ಅನ್ನಿಸಿತು. ಇವರು ಹುಬ್ಬು ಏರಿಸಿ ಕೇಳಿದಾಗ, ಸರಿ ಇದೆ ಅಂತ ತಲೆ ಆಡಿಸಿದೆ. ಪಶ್ಚಾತ್ತಾಪ ಅಂತ ತಿಳಿಯಬೇಡ. ನಾಳೆ ಮತ್ತೆ ಹಾಗೇ ಆದರೂ ನಾನು ಹಾಗೇ ತಲೆ ಆಡಿಸುತ್ತೇನೆ. ಆದರೆ ಇವರು ದಿನಾ ಕೈ ಚಾಚಿಕೊಂಡು ಕೂತು, "ಈ ಕೈ ಹೇಗೆ ತಪ್ಪಿತು ಅಂತೀಯ?" ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಕೇಳಿಯೇ ಬಿಟ್ಟರು: "ನೀನು ಅಲ್ಲೇ ಕೂತಿದ್ಯಲ್ಲ ಫುಸಾ, ನಿನಗೂ ಕಾಣ್ಲಿಲ್ವಾ?" "ಇಲ್ಲ" ಅಂದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ನನ್ನ ಕೆನ್ನೆ ಮುಟ್ಟಿ, "ಪಾಪ, ಗೂಡಿನ ಮುಂದೆ ಕೂತು ಅತ್ತೂ ಅತ್ತೂ ನಿನ್ನ ಕಣ್ಣು ಹಾಳಾಗಿದೆ ಕಣೇ. ಅದೂ ನಾನು ಮಾಡಿದ್ದೇ" ಅಂದರು. ನಾಳೆ ಬೆಳಿಗ್ಗೆ ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರಂತೆ.